ಆ ಕಡೆಯಿಂದ ಬಂದರೆ ಗಡಿಯಾರ ನೋಡು

ಗುಂಡಿಯನ್ನು ಮೂರನೆಯ ಸಲ ಒತ್ತಿ ಕೈ ತೆಗೆದಾಗಲೂ ಫ್ಯಾನು ಒಮ್ಮೆ ಜೋರಾಗಿ ಉಸಿರೆಳೆದು ಸಣ್ಣಗಾಯಿತು, ಹಸಿರು ದೀಪ ಹೊತ್ತಿತು, ಪರದೆ ಒಂದು ಗಳಿಗೆ ಬೆಳ್ಳಗಾಗಿ ಮತ್ತೆ ಕಪ್ಪಾಯಿತು. ಎರಡು ಸಾಲುಗಳ ಪಟ್ಟಿ ಬರಬೇಕಾದ ಜಾಗದಲ್ಲಿ, ಮೇಲೆ ಎಡಗಡೆಯ ಮೂಲೆಗೆ, ಅರ್ಧಕ್ಕೆ ನಿಂತ ಒಂದು ಬಿಳಿ ವಾಕ್ಯ. ಅದರ ತುದಿಯಲ್ಲಿ ರೆಪ್ಪೆ ಬಡಿಯುವ ಹಾಗೆ ಮಿಟುಕುವ ಒಂದು ಗೆರೆ. ಅವಳು ಕಾದಳು. ಹೆಡ್‌ಫೋನನ್ನು ಆಗಲೇ ಕಿವಿಗೆ ಹಾಕಿಕೊಂಡು, ಬಲಗಾಲನ್ನು ಮೇಜಿನ ಕೆಳಗಿನ ಪೆಡಲಿನ ಮೇಲೆ ಇಟ್ಟುಕೊಂಡು ಕೂತಿದ್ದಳು. ಹನ್ನೊಂದು ವರ್ಷದ ಅಭ್ಯಾಸ, ಯಂತ್ರ ಏಳುವ ಮುಂಚೆಯೇ ಮೈ ಕೆಲಸಕ್ಕೆ ಕೂತುಬಿಡುತ್ತಿತ್ತು. ಪೆಡಲನ್ನು ಮುಂಗಾಲಿನಿಂದ ಒತ್ತಿದರೆ ಡಾಕ್ಟರ ದನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಹಿಮ್ಮಡಿಯಿಂದ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಜನ ಅವರನ್ನು ಮರೆವಿನ ಡಾಕ್ಟರು ಎನ್ನುತ್ತಿದ್ದರು. ಒಬ್ಬೊಬ್ಬ ರೋಗಿಯನ್ನು ನೋಡಿ ಕಳಿಸಿದ ಮೇಲೆ ಅವರು ಒಂದು ಸಣ್ಣ ಯಂತ್ರಕ್ಕೆ ಬಾಯಿ ಹಚ್ಚಿ ಆ ರೋಗಿಯ ವಿಷಯ ಹೇಳಿಬಿಡುತ್ತಿದ್ದರು, ಆ ದನಿ ಇವಳ ಮನೆಗೆ ಬರುತ್ತಿತ್ತು, ಇವಳು ಟೈಪು ಮಾಡಿ ಸಂಜೆಯೊಳಗೆ ಒಟ್ಟಿಗೆ ಕಳಿಸಬೇಕು. ರೋಗಿಯ ವಯಸ್ಸು ಇಷ್ಟು, ಕೇಳಿದ್ದನ್ನೇ ಕೇಳುತ್ತಾರೆ, ಮೂರು ಪದ ಹೇಳಿ ಐದು ನಿಮಿಷದ ಮೇಲೆ ಕೇಳಿದರೆ ಒಂದು ಹೇಳಿದರು, ಸಲಹೆ ಹೀಗೆ. ಡಾಕ್ಟರು ಹೇಳಿದ್ದಕ್ಕೆ ಅವಳು ಒಂದಕ್ಷರ ಸೇರಿಸಿದವಳಲ್ಲ. ಅವರು ಕೆಮ್ಮಿದ್ದನ್ನು ಬಿಟ್ಟು ಇನ್ನೇನನ್ನೂ ಬಿಟ್ಟವಳಲ್ಲ. ಈ ಬೆಳಿಗ್ಗೆ ಒಂಬತ್ತು ಜನ ಕಾಯುತ್ತಿದ್ದರು, ಯಂತ್ರದ ಆಚೆ, ಬಾಗಿಲು ತೆರೆಯಲಿ ಎಂದು. ಗೆರೆ ಮಿಟುಕುತ್ತಲೇ ಇತ್ತು. ಅದು ಏನನ್ನೋ ಕೇಳುತ್ತಿದೆ, ಉತ್ತರ ತನಗೆ ಗೊತ್ತಿರಬೇಕಿತ್ತು ಎಂದು ಅವಳಿಗೆ ಅನ್ನಿಸಿತು.

ಪರದೆಯ ಅಂಚಿಗೆ ಅಂಟಿಸಿದ್ದ ಹಳದಿ ಚೀಟಿಯ ಮೇಲೆ ಗಂಡನ ಕೈಬರಹವಿತ್ತು: ಆ ಕಡೆಯಿಂದ ಬಂದರೆ ಗಡಿಯಾರ ನೋಡು. ನೀರು ಸರಬರಾಜು ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆಯುವವನು ಅವನು. ಹತ್ತು ವರ್ಷದ ಹಿಂದೆ, ಅವನ ನಕ್ಷೆಯ ಕೆಲಸಕ್ಕೆ ಒಂದು ಬಗೆಯ ವ್ಯವಸ್ಥೆ ಬೇಕು, ಇವಳ ಟೈಪಿಂಗಿಗೆ ಇನ್ನೊಂದು ಎಂದಾದಾಗ ಎರಡು ಕಂಪ್ಯೂಟರು ಎಲ್ಲಿಂದ ತರೋದು ಎಂದು ಒಂದನ್ನೇ ಎರಡು ಪಾಲು ಮಾಡಿದ್ದ. ಒಂದೇ ಮನೆ, ಎರಡು ಒಲೆ ಎಂದು ನಕ್ಕಿದ್ದ. ಗುಂಡಿ ಒತ್ತಿದರೆ ಎರಡು ಸಾಲು ಬರುತ್ತವೆ. ಮೇಲಿನದು ಅವನದು, ಕೆಳಗಿನದು ಇವಳದು. ಹತ್ತರಿಂದ ಒಂದರವರೆಗೆ ಎಣಿಕೆ ಇಳಿಯುತ್ತದೆ. ಅಷ್ಟರಲ್ಲಿ ಬಾಣದ ಕೀಲಿ ಒತ್ತಿ ಕೆಳಕ್ಕೆ ಇಳಿಯದಿದ್ದರೆ ಯಂತ್ರ ತಾನಾಗಿ ಅವನ ಕಡೆಗೆ ಹೊರಟುಬಿಡುತ್ತದೆ. ಎರಡು ಕಡೆಗೂ ಗಂಟೆಯ ವಿಷಯದಲ್ಲಿ ಮಾತ್ರ ಹೊಂದಾಣಿಕೆಯಿಲ್ಲ. ಆ ಕಡೆಯದು ಲೋಕಕ್ಕೆಲ್ಲ ಒಂದೇ ಎಂದು ಇಟ್ಟುಕೊಂಡಿರುವ ಗಂಟೆಯನ್ನು ಯಂತ್ರದೊಳಗೆ ಬರೆದಿಟ್ಟು ಹೋಗುತ್ತದೆ, ಈ ಕಡೆಯದು ಅದನ್ನೇ ನಮ್ಮೂರಿನ ಗಂಟೆ ಎಂದು ನಂಬಿಬಿಡುತ್ತದೆ. ಹಾಗಾಗಿ ಯಾರಾದರೂ ಆ ಕಡೆಗೆ ಹೋಗಿ ಬಂದರೆ ಇವಳ ಕಡೆಯ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದು ಮಧ್ಯಾಹ್ನಕ್ಕೆ ಬೆಳಿಗ್ಗೆ ತೋರಿಸುತ್ತದೆ. ಒಂದು ಸಾಲು ಬರೆದರೆ ಸರಿಹೋಗುತ್ತದೆ, ನಾಳೆ ಮಾಡ್ತೀನಿ ಎಂದಿದ್ದ. ನಾಳೆಯ ಬದಲು ಚೀಟಿ ಬಂತು. ಆಮೇಲೆ ಕಚೇರಿಯವರು ಅವನಿಗೇ ಒಂದು ಲ್ಯಾಪ್‌ಟಾಪ್ ಕೊಟ್ಟರು, ಮೂರು ವರ್ಷದಿಂದ ಅವನು ಈ ಮೇಜಿನ ಮುಂದೆ ಕೂತಿಲ್ಲ, ಆ ಕಡೆ ಬೀಗ ಹಾಕಿದ ಕೋಣೆಯ ಹಾಗೆ ಬಿದ್ದಿತ್ತು. ಚೀಟಿಯನ್ನು ಕೀಳಬೇಕು ಎಂದು ಯಾರಿಗೂ ತೋಚಿರಲಿಲ್ಲ.

ಎರಡು ವಾರದ ಹಿಂದೆ ಡಾಕ್ಟರ ಕೌಂಟರಿನವಳು ಫೋನು ಮಾಡಿ ನಕ್ಕಿದ್ದಳು. “ಮೇಡಂ, ನೀವು ಭವಿಷ್ಯ ಹೇಳೋಕೆ ಶುರು ಮಾಡಿದ್ದೀರಾ? ಹನ್ನೆರಡು ಗಂಟೆಗೆ ಬಂದ ರೋಗಿಯ ರಿಪೋರ್ಟು ಬೆಳಿಗ್ಗೆ ಹನ್ನೊಂದಕ್ಕೇ ರೆಡಿ ಅಂತ ಇದೆ. ರೋಗಿ ಬರೋ ಮುಂಚೆನೇ ಟೈಪ್ ಮಾಡಿಟ್ಟುಬಿಟ್ರಲ್ಲಾ! ಡಾಕ್ಟರು ಹೇಳ್ತಿದ್ರು, ಇನ್ನು ನಾನ್ಯಾಕೆ ಬೇಕು, ಅವ್ರನ್ನೇ ಕೂರಿಸಿ ಅಂತ.” ಅವಳೂ ನಕ್ಕಿದ್ದಳು. ನಗುತ್ತಲೇ ಪರದೆಯ ಬಲಗಡೆ ಕೆಳಗಿನ ಮೂಲೆಯ ಕಡೆ ನೋಡಿದ್ದಳು. ಗಡಿಯಾರ ಹಿಂದೆ ಬಿದ್ದಿತ್ತು. ಕೈಯಿಂದ ಸರಿಮಾಡಿದಳು. ಎರಡು ದಿನ ಬಿಟ್ಟು ಮತ್ತೆ ಬಿದ್ದಿತು. ಮತ್ತೆ ಸರಿಮಾಡಿದಳು. ಗೋಡೆಯ ಗಡಿಯಾರ, ಒಲೆಯ ಪಕ್ಕದ ಗಡಿಯಾರ, ಮಗಳ ಮೊಬೈಲು, ಎಲ್ಲವೂ ಒಂದು ಹೊತ್ತು ಹೇಳುವಾಗ ಇದೊಂದು ಮೂಲೆಯಲ್ಲಿ ಬೆಳಗು ಮುಗಿಯದೆ ಕೂತಿರುತ್ತಿತ್ತು. ಗಂಡ ಕದ್ದು ಬಂದು ಆ ಕಡೆಗೆ ಹೋಗುತ್ತಿದ್ದಾನೆ ಎಂದುಕೊಂಡಳು. ಏನಿರಬಹುದು ಅಲ್ಲಿ, ಯಾರಿಗೆ ಏನು ಬರೆಯುತ್ತಿರಬಹುದು ಎಂದು ಯೋಚಿಸುತ್ತ ಅವನ ಶರ್ಟಿನ ಜೇಬು ನೋಡಿದಳು, ನೋಡಿದ್ದಕ್ಕೆ ನಾಚಿಕೊಂಡಳು. ಒಂದು ರಾತ್ರಿ ಊಟದಲ್ಲಿ, “ನೀವು ಈಚೆಗೆ ನಿಮ್ಮ ಕಡೆ ತೆಗೆದಿದ್ರಾ?” ಎಂದು ಕೇಳಿಯೂಬಿಟ್ಟಳು. “ಯಾವ ಕಡೆ? ಎಡಗಡೆನಾ, ಬಲಗಡೆನಾ?” ಎಂದು ಅವನು ತಟ್ಟೆಯಿಂದ ತಲೆ ಎತ್ತದೆ ಕೇಳಿದ. ಮಗಳು ನಕ್ಕಳು. “ಅಮ್ಮ, ಮೊನ್ನೆನೂ ಇದನ್ನೇ ಕೇಳಿದ್ಯಲ್ಲ.” ಕೇಳಿದ್ದೆನೇ? ಅವಳಿಗೆ ನೆನಪಿರಲಿಲ್ಲ. ಮಗಳು ತಮಾಷೆ ಮಾಡುತ್ತಿದ್ದಾಳೆ ಎಂದು ತೀರ್ಮಾನಿಸಿ ನೆಲ ಸಾರಿಸಿದ ಹಾಗೆ ಆ ಮಾತನ್ನು ಒರೆಸಿಬಿಟ್ಟಳು.

ಗೆರೆ ಮಿಟುಕಿತು. ಇದೇ ಮಾತನ್ನು ಅವಳು ಅಮ್ಮನಿಗೆ ಎಷ್ಟು ಸಲ ಅಂದಿದ್ದಳು, ಮೊನ್ನೆನೂ ಇದನ್ನೇ ಕೇಳಿದ್ಯಲ್ಲ ಎಂದು. ಅಮ್ಮನಿಗೆ ಆಗ ಐವತ್ತೈದೂ ಆಗಿರಲಿಲ್ಲ. ನೆಂಟರು ಬಂದು ಕೂತಿರುವಾಗ ಬಾಗಿಲ ಹತ್ತಿರ ನಿಂತು, ಎಲ್ಲರಿಗೂ ಕೇಳುವ ಹಾಗೆ, “ಅಮ್ಮಾ, ಇವತ್ತು ಯಾವ ವಾರ ಹೇಳು ನೋಡೋಣ,” ಎನ್ನುತ್ತಿದ್ದಳು. ಅಮ್ಮ ಒಮ್ಮೊಮ್ಮೆ ಸರಿಯಾಗಿ ಹೇಳಿಬಿಡುತ್ತಿದ್ದಳು. ಆಗ ಇವಳಿಗೆ ಒಂದು ಥರ ನಿರಾಸೆಯಾಗುತ್ತಿತ್ತು. “ಗೊತ್ತಿತ್ತು, ಸುಮ್ನೆ ಕೇಳ್ದೆ,” ಎಂದು ಒಳಗೆ ಹೋಗುತ್ತಿದ್ದಳು. ತಪ್ಪು ಹೇಳಿದರೆ ನೆಂಟರ ಮುಖ ನೋಡುತ್ತಿದ್ದಳು, ನೋಡಿದಿರಾ ನನ್ನ ಪಾಡು ಎನ್ನುವ ಹಾಗೆ. ಆಮೇಲೆ ಒಂದು ದಿನದಿಂದ ಅಮ್ಮ ಉತ್ತರ ಹೇಳುವುದನ್ನೇ ನಿಲ್ಲಿಸಿದಳು. ಏನು ಕೇಳಿದರೂ ನಗುವುದು, ಕಿಟಕಿಯ ಕಡೆ ತಿರುಗುವುದು. ರೋಗ ಬಲಿಯಿತು ಎಂದರು. ಅಮ್ಮ ತೀರಿಕೊಂಡ ಮೇಲೆ ಗುಂಡಿ ಹೊಲಿಯುವ ದಾರದ ಡಬ್ಬಿಯಲ್ಲಿ ಚೀಟಿಗಳು ಸಿಕ್ಕಿದವು, ಹಲ್ಲುಕಡ್ಡಿಯಷ್ಟು ಸಣ್ಣಗೆ ಸುತ್ತಿಟ್ಟ ಚೀಟಿಗಳು. ನೀಲಿ ಬಾಗಿಲು ನಮ್ಮದು. ಬುಧವಾರ ಕಸ ಹಾಕಬೇಕು. ಎತ್ತರದವಳು ದೊಡ್ಡ ಮಗಳು, ಹೆಸರು ಕೇಳಬೇಡ. ಎತ್ತರದವಳು ಆ ಚೀಟಿಯನ್ನು ಯಾರಿಗೂ ತೋರಿಸದೆ ನುಂಗುವ ಮಾತ್ರೆಯ ಹಾಗೆ ಮತ್ತೆ ಸುತ್ತಿ, ಎಲ್ಲಿಟ್ಟಳೋ ಈಗ ಅವಳಿಗೇ ಗೊತ್ತಿಲ್ಲ.

ಹನ್ನೊಂದು ಗಂಟೆಗೆ ರಿಪೇರಿಯವಳು ಬಂದಳು. ಬೀದಿಯ ಕೊನೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದ, ಇವಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದಾದ ದಪ್ಪ ಹೆಂಗಸು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು, ಕೈಚೀಲದಿಂದ ಸ್ಕ್ರೂಡ್ರೈವರು, ಪೆನ್ ಡ್ರೈವು, ಒಂದು ಹಳೆಯ ಬ್ರಷ್ಷು ತೆಗೆದು ಸಾಲಾಗಿ ಜೋಡಿಸಿದಳು. ಯಂತ್ರದ ಬೆನ್ನು ತಟ್ಟಿ, “ಏನಪ್ಪಾ, ಏನಾಯ್ತು ನಿಂಗೆ, ಯಾರು ಬೈದ್ರು?” ಎಂದು ಅದನ್ನೇ ಕೇಳಿದಳು. ಅಂದು ರಜೆ ಹಾಕಿದ್ದರಿಂದ ಗಂಡ ಮನೆಯಲ್ಲೇ ಇದ್ದ. ಪೇಪರು ಹಿಡಿದುಕೊಂಡು ಬಾಗಿಲಿಗೆ ಒರಗಿ ನಿಂತು ಇಬ್ಬರಿಗೂ ಬೇಡದ ಸಲಹೆ ಕೊಡುತ್ತಿದ್ದ. ಕೇಬಲ್ ಸಡಿಲ ಆಗಿರಬೇಕು. ಧೂಳು ಕೂತಿರಬೇಕು. ಇವಳು ಏನೋ ಒತ್ತಬಾರದ್ದು ಒತ್ತಿರಬೇಕು. ರಿಪೇರಿಯವಳು ಹೂಂ ಹೂಂ ಎನ್ನುತ್ತಾ ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಕಪ್ಪು ಪರದೆಯ ಮೇಲೆ ಸಾಲು ಸಾಲಾಗಿ ಏನೋ ಇಳಿಯುವುದನ್ನು ಅಕ್ಕಿ ಆರಿಸುವವಳ ಹಾಗೆ ನೋಡುತ್ತ ಕೂತಳು.

“ನೋಡಿ ಮೇಡಂ, ನಿಮ್ಮ ಕಡೆ ಏನೂ ಆಗಿಲ್ಲ. ಮುತ್ತಿನ ಹಾಗಿದೆ. ಕೆಟ್ಟಿರೋದು ಸರ್ ಕಡೆ. ಈ ಎರಡು ಸಾಲಿನ ಪಟ್ಟಿ ಇದೆಯಲ್ಲ, ಅದು ಕೂತಿರೋದೂ ಆ ಪಾಲಿನಲ್ಲೇ. ಅಲ್ಲಿ ಯಾರೋ ಸರಿಯಾಗಿ ಮುಚ್ಚದೆ ಎದ್ದು ಹೋಗಿದ್ದಾರೆ, ಗುಂಡೀನ ಅದುಮಿ ಹಿಡ್ದು ಉಸಿರು ಕಟ್ಟಿಸಿದ್ದಾರೆ. ಬಾಗಿಲು ಕಾಯೋನೇ ಬಿದ್ದ ಮೇಲೆ ನಿಮ್ಮ ಕೋಣೆಗೂ ದಾರಿ ಇಲ್ಲ.”

“ಆ ಕಡೆ ಯಾರೂ ಹೋಗಲ್ಲ ಕಣಮ್ಮಾ,” ಎಂದ ಗಂಡ. “ಮೂರು ವರ್ಷ ಆಯ್ತು. ಅಲ್ಲಿ ಈಗ ಜೇಡ ಬಲೆ ಕಟ್ಕೊಂಡಿರಬೇಕು.”

“ಜೇಡ ನಿನ್ನೆ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಎದ್ದು ಹೋಗಿದೆ ಸರ್.”

ಗಂಡ ಜೋರಾಗಿ ನಕ್ಕ. ಅವಳು ನಗಲಿಲ್ಲ. ನಿನ್ನೆ ಮೂರು ಗಂಟೆ ನಲವತ್ತು ನಿಮಿಷಕ್ಕೆ ಗಂಡ ಕಚೇರಿಯಲ್ಲಿದ್ದ, ಮಗಳು ಕಾಲೇಜಿನಿಂದ ಬರುತ್ತಿದ್ದಳು. ಅವಳು ಮಲಗಿದ್ದಳು. ದಿನಾ ಮೂರಕ್ಕೆ ಮಲಗಿ ನಾಲ್ಕರ ಹೊತ್ತಿಗೆ ಏಳುತ್ತಿದ್ದಳು. ಆ ನಿದ್ದೆಯ ಬಗ್ಗೆ ಅವಳಿಗೆ ಒಂದು ಸಣ್ಣ ಹೆಮ್ಮೆಯಿತ್ತು. ಹಾಸಿಗೆಯ ಹೊದಿಕೆಗೆ ಒಂದು ಸುಕ್ಕು ಬೀಳದ ಹಾಗೆ, ದಿಂಬಿಗೆ ತಗ್ಗು ಬೀಳದ ಹಾಗೆ ಮಲಗಿ ಏಳುತ್ತೇನೆ, ಮತ್ತೆ ಸರಿಮಾಡುವ ಕೆಲಸವೇ ಇಲ್ಲ ಎಂದು ತಂಗಿಗೆ ಫೋನಿನಲ್ಲಿ ಹೇಳಿಕೊಂಡಿದ್ದಳು. ನಿನ್ನೆ ಮಗಳು ಬೇಗ ಬಂದಿದ್ದಳು. ಬಾಗಿಲು ತೆಗೆದಾಗ ಸಿಡಿಮಿಡಿ ಎಂದಿದ್ದಳು, “ಎಷ್ಟೊತ್ತಿಂದ ಬೆಲ್ ಮಾಡ್ತಿದೀನಮ್ಮ, ಕುಂಭಕರ್ಣನ ನಿದ್ದೆನಾ?” ಹೂಂ ಕಣೇ, ಕಣ್ಣು ಹತ್ತಿಬಿಟ್ಟಿತ್ತು ಎಂದಿದ್ದಳು. ಮಗಳು ಒಳಗೆ ಹೋಗುತ್ತ ಅವಳ ಕತ್ತಿನ ಕಡೆ ನೋಡಿದ್ದಳು. ಕತ್ತಿನಲ್ಲಿ ಹೆಡ್‌ಫೋನು ಇತ್ತು. ಮಲಗುವಾಗ ತೆಗೆಯಲು ಮರೆತಿರಬೇಕು ಎಂದುಕೊಂಡಿದ್ದಳು ಅವಳು, ಹಾರದ ಹಾಗೆ ಅದನ್ನು ಮುಟ್ಟಿಕೊಂಡು.

“ನಂಗೆ ಆ ಕಡೆಗೆ ಒಂದ್ಸಲ ಹೋಗ್ಬೇಕು,” ಎಂದಳು ರಿಪೇರಿಯವಳು. “ಪಾಸ್‌ವರ್ಡ್ ಇಲ್ದೇನೂ ಆಗತ್ತೆ, ಇದ್ರೆ ಬೇಗ.”

“ಅಯ್ಯೋ, ನಂಗೇ ಮರ್ತುಹೋಗಿದೆ,” ಎಂದ ಗಂಡ ಖುಷಿಯಾಗಿ. “ಏನೋ ಇಟ್ಟಿದ್ದೆ, ಉದ್ದಕ್ಕೆ. ನಂದು ಬಿಡಿ, ಮದುವೆ ದಿನಾನೇ ನೆನಪಿರಲ್ಲ. ಇವಳನ್ನ ಕೇಳಿ.”

“ನಂಗೊತ್ತಿಲ್ಲ,” ಎಂದಳು ಅವಳು. ನಿಜವಾಗಿಯೂ ಗೊತ್ತಿರಲಿಲ್ಲ. ಹತ್ತು ವರ್ಷದ ಹಿಂದೆ ಒಂದು ಸಲ, ಯಾವುದೋ ನಕ್ಷೆ ಅರ್ಜೆಂಟಾಗಿ ಬೇಕೆಂದು ಕಚೇರಿಯಿಂದ ಫೋನು ಮಾಡಿ ಒಂದೊಂದೇ ಅಕ್ಷರ ಹೇಳಿ ಒತ್ತಿಸಿದ್ದ. ಅಷ್ಟೇ.

“ಹಾಗಿದ್ರೆ ಅದನ್ನ ಅಳಿಸಿಹಾಕಿಬಿಡಿ,” ಎಂದ ಗಂಡ. “ಯಾರಿಗೆ ಬೇಕಾಗಿದೆ? ಪೂರ್ತಿ ಇವಳಿಗೇ ಕೊಟ್ಬಿಡಿ. ಪಟ್ಟಿನೂ ಬೇಡ, ಗಡಿಯಾರದ ಗೋಳೂ ಬೇಡ.” ಅಷ್ಟರಲ್ಲಿ ಅವನ ಮೊಬೈಲು ಕೂಗಿತು. ಎಲ್ಲೋ ಕೊಳವೆ ಒಡೆದಿತ್ತಂತೆ. ರಜೆಯ ದಿನವೂ ಬಿಡಲ್ಲ ನೋಡಿ ಎಂದು, ಬಿಡದಿರುವುದೇ ಹಿತವೆನ್ನುವ ದನಿಯಲ್ಲಿ ಮಾತಾಡುತ್ತ ಅಂಗಳಕ್ಕೆ ಹೋದ.

ರಿಪೇರಿಯವಳು ಕುರ್ಚಿಯನ್ನು ಹಿಂದಕ್ಕೆ ಸರಿಸಿ ಬಗ್ಗಿ ಕೆಳಗೆ ಬಿದ್ದ ಬ್ರಷ್ಷು ಹುಡುಕುತ್ತಿದ್ದಳು. ಪರದೆಯ ಮೇಲೆ ಗಂಡನ ಕಡೆಯ ಬಾಗಿಲು, ಖಾಲಿ ಚೌಕ, ಅದರೊಳಗೆ ಮಿಟುಕುವ ಗೆರೆ. ಕೀಬೋರ್ಡು ಮೇಜಿನ ಅಂಚಿಗೆ ಬಂದಿತ್ತು, ಬಿದ್ದೀತು ಎಂದು ಅವಳು ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ತಳ್ಳಿದಳು. ಕೈಗಳು ಅಲ್ಲೇ ಉಳಿದವು. ಡಾಕ್ಟರ ದನಿ ಕಿವಿಯಲ್ಲಿ ಓಡುವಾಗ ಬೆರಳು ಹೇಗೆ ಅವಳನ್ನು ಕೇಳದೆ ಹೋಗುತ್ತವೋ ಹಾಗೆ ಹೋದವು, ಹನ್ನೊಂದೋ ಹನ್ನೆರಡೋ ಕೀಲಿಗಳು, ಮಧ್ಯೆ ಒಂದು ಕಡೆ ಕಿರುಬೆರಳು ಮೇಲಕ್ಕೆ ಚಾಚಿ ಬಂತು, ಕೊನೆಯಲ್ಲಿ ಹೆಬ್ಬೆಟ್ಟು ಅಲ್ಲ, ಉಂಗುರದ ಬೆರಳು ದೊಡ್ಡ ಕೀಲಿಯನ್ನು ಮೆಲ್ಲಗೆ ತಟ್ಟಿತು. ಮಳೆಹನಿ ತಗಡಿನ ಮೇಲೆ ಬಿದ್ದಂಥ ಸದ್ದು, ಎರಡು ಸೆಕೆಂಡು. ಬಾಗಿಲು ತೆರೆಯಿತು. ಏನು ಒತ್ತಿದೆ ಎಂದು ಆಗ ಕೇಳಿದ್ದರೆ ಅವಳು ಒಂದಕ್ಷರ ಹೇಳಲಾರಳು. ಕೈ ಮೇಲೆತ್ತಿ ಹಿಡಿದುಕೊಂಡು ಅವಳು ತನ್ನ ಬೆರಳುಗಳನ್ನು ನೋಡಿದಳು. ಊರಿಂದ ಬಂದ ಯಾರೋ ದೂರದ ನೆಂಟರು ತನ್ನ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಗೆ ನೇರ ಕೈ ಹಾಕಿದ್ದನ್ನು ಕಂಡ ಹಾಗಿತ್ತು.

ರಿಪೇರಿಯವಳು ಬ್ರಷ್ಷು ಹಿಡಿದು ನೆಟ್ಟಗಾದಳು. ಕನ್ನಡಕವನ್ನು ಹಣೆಯಿಂದ ಇಳಿಸಿಕೊಂಡಳು.

“ಗೊತ್ತಿಲ್ಲ ಅಂದ್ರಲ್ಲಾ.”

“ಗೊತ್ತಿರಲಿಲ್ಲ.”

ರಿಪೇರಿಯವಳು ಪರದೆಯ ಕಡೆ ತಿರುಗಿದಳು. ಅಲ್ಲಿ ಗಂಡನ ಹಳೆಯ ನಕ್ಷೆಗಳ ಕಡತಗಳು ಅಂಚಿಗೆ ಸರಿದು ಮಧ್ಯದಲ್ಲಿ ಒಂದೇ ಒಂದು ಕಡತವಿತ್ತು, ಅದರ ತಲೆಯ ಮೇಲೆ ಒಂದೇ ಪದ: ರೋಗಿ. ರಿಪೇರಿಯವಳು ಅದನ್ನು ಓದಿದಳೋ ಇಲ್ಲವೋ, “ನಿಮ್ಮ ಬಚ್ಚಲು ಎಲ್ಲಿದೆ ಮೇಡಂ? ಕೈಯೆಲ್ಲ ಧೂಳು, ಸ್ವಲ್ಪ ಹೊತ್ತು ಹಿಡಿಯತ್ತೆ,” ಎಂದು ಎದ್ದು ಹೋದಳು. ನೀರು ಬಿಡುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಅವಳು ಕಡತ ತೆರೆದಳು. ಅವಳೇ ದಿನಾ ಟೈಪು ಮಾಡುವ ರೀತಿ, ಅವೇ ಅಂಚು, ಸಾಲುಗಳ ನಡುವೆ ಅದೇ ಅಂತರ. ಡಾಕ್ಟರ ವಾಕ್ಯಗಳ ನಡಿಗೆ.

ಮೊದಲ ಭೇಟಿ. ರೋಗಿ ಐವತ್ತೆರಡು ವರ್ಷದ ಮಹಿಳೆ. ಮನೆಯಿಂದಲೇ ಟೈಪಿಂಗ್ ಕೆಲಸ. ತಾಯಿಗೆ ಇದೇ ತೊಂದರೆ ಇತ್ತು. ರೋಗಿಗೆ ಸ್ವತಃ ಯಾವ ದೂರೂ ಇಲ್ಲ.

ಎರಡನೆಯ ಭೇಟಿ. ಮಧ್ಯಾಹ್ನ ಮಲಗುತ್ತೇನೆ ಎನ್ನುತ್ತಾಳೆ. ಮಲಗುವುದಿಲ್ಲ.

ಮೂರನೆಯ ಭೇಟಿ. ಒಲೆಯ ಮೇಲೆ ಹಾಲು ಇಟ್ಟು ಎರಡು ಸಲ ಮರೆತಿದ್ದಾಳೆ. ಸೀದುಹೋದ ಪಾತ್ರೆಯನ್ನು ಹಿತ್ತಲಲ್ಲಿ ಒಡೆದ ಬಕೆಟ್ಟಿನ ಕೆಳಗೆ ಬಚ್ಚಿಟ್ಟಿದ್ದಾಳೆ. ಬಚ್ಚಿಟ್ಟದ್ದನ್ನೂ ಮರೆತಿದ್ದಾಳೆ.

ನಾಲ್ಕನೆಯ ಭೇಟಿ. ಗಡಿಯಾರ ನೋಡಲು ಶುರು ಮಾಡಿದ್ದಾಳೆ. ಗಂಡನನ್ನು ಅನುಮಾನಿಸುತ್ತಾಳೆ. ಅವನ ಜೇಬು ನೋಡಿದಳು.

ಐದನೆಯ ಭೇಟಿ. ಮಗಳು ಗಮನಿಸಿದ್ದಾಳೆ. ರೋಗಿಗೆ ಇದು ತಿಳಿದಿಲ್ಲ.

ಆರನೆಯ ಭೇಟಿ. ಸ್ಥಿತಿ ಹಿಂದಿನಂತೆ. ಸಲಹೆ:

ಅಲ್ಲಿಗೆ ನಿಂತಿತ್ತು. ಆ ಎರಡು ಚುಕ್ಕೆಗಳ ಮುಂದೆ ಏನೂ ಇರಲಿಲ್ಲ. ಅಷ್ಟು ಹೊತ್ತಿಗೆ ಬೆಲ್ಲಾಗಿರಬೇಕು. ಮಗಳು ಬೆಲ್ಲು ಒತ್ತಿ, ಮತ್ತೆ ಒತ್ತಿ, ಮತ್ತೆ ಒತ್ತಿರಬೇಕು. ಇಲ್ಲಿ ಕೂತವಳು ಗಾಬರಿಯಾಗಿ ಗುಂಡಿಯನ್ನು ಅದುಮಿ ಹಿಡಿದು, ಎದ್ದು, ನಡುಮನೆ ದಾಟಿ, ಎಲ್ಲಿಯೋ ದಾರಿಯ ಮಧ್ಯದಲ್ಲಿ, ಬಹುಶಃ ಕನ್ನಡಿಯ ಹತ್ತಿರ, ಇವಳಾಗಿರಬೇಕು. ಬಾಗಿಲು ತೆಗೆದಾಗ ಮಗಳಿಗೆ ಕಂಡವಳು ಯಾರು? ಅವಳಿಗೆ ಭಯವಾಗಲಿಲ್ಲ, ಅಥವಾ ಭಯ ಇನ್ನೂ ಬಂದಿರಲಿಲ್ಲ, ಎದ್ದು ಹಿತ್ತಲಿಗೆ ಹೋದಳು. ಒಡೆದ ಬಕೆಟ್ಟು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಬೋರಲಾಗಿ ಬಿದ್ದಿತ್ತು. ಇದು ಸುಳ್ಳಾದರೆ, ಯಾರೋ ನನ್ನ ಮೇಲೆ ಆಟ ಆಡುತ್ತಿದ್ದಾರೆ ಎಂದು ಕೂಗಾಡಬಹುದು, ಗಂಡನನ್ನು ಕರೆದು ಜಗಳ ಆಡಬಹುದು, ಇಡೀ ಮನೆ ಮೊದಲಿನಂತೆ ನಿಲ್ಲುತ್ತದೆ. ಕಾಲಿನಿಂದ ಬಕೆಟ್ಟನ್ನು ಸರಿಸಿದಳು. ಪಾತ್ರೆ ಇತ್ತು. ತಳ ಕರ್ರಗೆ, ಅಂಚಿನಲ್ಲಿ ಕೆನೆ ಸುಟ್ಟು ಕಂದು ಬಣ್ಣದ ಸುಕ್ಕಾಗಿ ಅಂಟಿತ್ತು, ಒಳಗೆ ಒಂದು ಗೊದ್ದ ಇರುವೆ ಸುತ್ತು ಹಾಕುತ್ತಿತ್ತು. ಈ ಪಾತ್ರೆ ಕಾಣುವುದಿಲ್ಲ ಎಂದು ಅವಳು ಹದಿನೈದು ದಿನದಿಂದ ಹುಡುಕುತ್ತಿದ್ದಳು. ಪಕ್ಕದ ಮನೆಯವರು ಒಯ್ದು ಮರೆತಿದ್ದಾರೆ ಎಂದು ಅವರನ್ನು ಕೇಳಿ, ಅವರು ಮುಖ ಗಂಟಿಕ್ಕಿ, ಈಗ ಎದುರಿಗೆ ಸಿಕ್ಕರೂ ಮಾತಾಡುತ್ತಿರಲಿಲ್ಲ. ಬಕೆಟ್ಟನ್ನು ಹಾಗೆಯೇ ಮುಚ್ಚಿದಳು. ಮುಚ್ಚುವಾಗ, ಮುಂಚೆ ಇದೇ ಕೋನದಲ್ಲಿ ಬಗ್ಗಿ, ಇದೇ ಕೈಯಿಂದ ಹೀಗೇ ಮುಚ್ಚಿದ್ದೆ ಎಂಬುದು ನೆನಪಾದೀತೇ ಎಂದು ಒಂದು ನಿಮಿಷ ಕಾದಳು. ಏನೂ ಬರಲಿಲ್ಲ. ಬೇರೆಯವರ ಮನೆಯ ಗೋಡೆಯ ಆಚೆ ನಡೆದ ಸಂಗತಿಯ ಹಾಗೆ ಅದು ಅಲ್ಲೇ ಉಳಿಯಿತು.

ಹಿಂದಿರುಗಿದಾಗ ರಿಪೇರಿಯವಳು ತನ್ನ ಕುರ್ಚಿಯಲ್ಲಿ ಕೂತಿದ್ದಳು. ಕಡತ ಮುಚ್ಚಿತ್ತು. ಪರದೆಯ ಮೇಲೆ ಎರಡು ಸಾಲುಗಳ ಪಟ್ಟಿ ಬಂದಿತ್ತು, ಎಣಿಕೆಯನ್ನು ಅವಳು ನಿಲ್ಲಿಸಿ ಹಿಡಿದಿದ್ದಳು. ಅಂಗಳದಿಂದ ಗಂಡನ ದನಿ ಬರುತ್ತಿತ್ತು, ವಾಲ್ವ್ ಮೊದಲು ಮುಚ್ಚಿ, ಆಮೇಲೆ ಅಗೀರಿ ಎಂದು.

“ಸರ್ ಅಳಿಸಿಬಿಡಿ ಅಂದ್ರು,” ಎಂದಳು ರಿಪೇರಿಯವಳು, ದನಿ ತಗ್ಗಿಸಿ. “ನೀವೇನಂತೀರಿ?”

“ಅಳಿಸಿದ್ರೆ ಮತ್ತೆ ಬರಲ್ವಾ?”

“ಬರಲ್ಲ. ನಿಮ್ಮ ಕಡೆ ಒಂದೇ ದಾರಿ ಆಗತ್ತೆ. ಹಗುರ ಆಗತ್ತೆ.”

ಹಗುರ. ಒಂದು ಕೀಲಿ ಒತ್ತಿದರೆ ಆರು ಭೇಟಿಗಳೂ ಹೋಗುತ್ತವೆ, ಯಾರೂ ಯಾವತ್ತೂ ಬರೆಯದ ಹಾಗೆ. ಅವಳು ಮಧ್ಯಾಹ್ನ ಮಲಗುತ್ತಾಳೆ, ಹೊದಿಕೆ ಸುಕ್ಕಾಗುವುದಿಲ್ಲ. ಆದರೆ ಆ ಇನ್ನೊಬ್ಬಳು ಮೂರು ಗಂಟೆಗೆ ಬಂದು ಗುಂಡಿ ಒತ್ತಿ, ತನ್ನ ಸಾಲು ಕಾಣದೆ, ಕೈ ಮಡಿಲಲ್ಲಿಟ್ಟುಕೊಂಡು ಇಲ್ಲಿ ಕೂತಿರುತ್ತಾಳಲ್ಲ, ಅವಳು ಏನು ಮಾಡಬೇಕು? ದಾರದ ಡಬ್ಬಿ ಹುಡುಕಬೇಕೇ?

“ಬೇಡ,” ಎಂದಳು. “ಇರಲಿ.”

“ಸರ್‌ಗೆ ನಾನೇ ಹೇಳ್ತೀನಿ. ಅಳಿಸಿದ್ರೆ ಮೇಡಂ ಕೆಲಸಕ್ಕೂ ಏಟು ಬೀಳಬಹುದು ಅಂತ.” ಅವಳು ತನ್ನ ಸಾಮಾನುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದಳು. “ಗಡಿಯಾರಕ್ಕಾದ್ರೂ ಒಂದು ಸಾಲು ಬರೆದುಬಿಡ್ಲಾ? ಮತ್ತೆ ಹಿಂದೆ ಬೀಳಲ್ಲ. ಎರಡು ನಿಮಿಷದ ಕೆಲಸ.”

“ಅದೂ ಬೇಡ.”

ರಿಪೇರಿಯವಳು ಅವಳ ಮುಖವನ್ನು ನೋಡಿದಳು, ಯಂತ್ರವನ್ನು ನೋಡಿದ ಹಾಗೆಯೇ, ಕುತೂಹಲವೂ ಮರುಕವೂ ಇಲ್ಲದೆ. “ಒಂದು ಮಾತು ಹೇಳ್ಲಾ? ಇನ್ಮೇಲೆ ಆ ಕಡೆಯಿಂದ ಏಳುವಾಗ ಸರಿಯಾಗಿ ಮುಚ್ಚಿ ಏಳೋಕೆ ಹೇಳಿ. ಯಾರೇ ಆಗ್ಲಿ.” ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ಗಂಡನಿಗೆ, “ಆಯ್ತು ಸರ್, ನಿಮ್ಮ ಜೇಡಕ್ಕೆ ಏನೂ ಆಗಿಲ್ಲ,” ಎಂದಳು. ಗಂಡ ಮತ್ತೆ ನಕ್ಕ. ಒಡೆದ ಕೊಳವೆ ನೋಡಿಬರುತ್ತೇನೆ ಎಂದು ಅವನೂ ಹೊರಟ.

ಊಟವಾದ ಮೇಲೆ ಅವಳು ಕೂತು ಒಂಬತ್ತು ಜನರನ್ನೂ ಟೈಪು ಮಾಡಿದಳು. ಪೆಡಲು ಒತ್ತಿದಳು, ಬಿಟ್ಟಳು, ಹಿಮ್ಮಡಿಯಿಂದ ಹಿಂದಕ್ಕೆ ಕಳಿಸಿದಳು. ಎಪ್ಪತ್ತೆಂಟು ವರ್ಷದ ನಿವೃತ್ತ ಮೇಷ್ಟ್ರು, ದಾರಿ ತಪ್ಪುತ್ತಾರೆ. ಅರವತ್ತು ವರ್ಷದ ಮಹಿಳೆ, ಗಂಡ ಸತ್ತದ್ದನ್ನು ದಿನಾ ಹೊಸದಾಗಿ ಕೇಳಿ ಅಳುತ್ತಾರೆ. ಇವರನ್ನೆಲ್ಲ ಅವಳು ಹನ್ನೊಂದು ವರ್ಷ ಗಾಜಿನ ಆಚೆಯಿಂದ ನೋಡುವ ಹಾಗೆ ನೋಡಿದ್ದಳು. ರೋಗಿಗೆ ಸ್ವತಃ ಯಾವ ದೂರೂ ಇಲ್ಲ ಎಂದು ಡಾಕ್ಟರು ಹೇಳಿದಾಗಲೆಲ್ಲ ಬೆರಳುಗಳು ಆ ವಾಕ್ಯವನ್ನು ಹಾಡಿನ ಪಲ್ಲವಿಯ ಹಾಗೆ ಒತ್ತಿಬಿಡುತ್ತಿದ್ದವು. ಇವತ್ತು ಆ ವಾಕ್ಯದ ಮೇಲೆ ಕಾಲು ಪೆಡಲಿನಿಂದ ತಾನಾಗಿ ಎದ್ದಿತು, ದನಿ ನಿಂತಿತು. ಅಮ್ಮನಿಗೆ ದೂರು ಇತ್ತು. ದಾರದ ಡಬ್ಬಿಯ ತುಂಬ ಇತ್ತು. ಕೇಳುವವರು ವಾರ ಯಾವುದೆಂದು ಕೇಳಿದರೇ ಹೊರತು ಅದನ್ನು ಕೇಳಲಿಲ್ಲ. ಆ ನಗು, ಆ ಕಿಟಕಿ: ಅದು ರೋಗ ಬಲಿತದ್ದಲ್ಲ ಎಂದು ಈಗ ಅವಳಿಗೆ ಹೊಳೆಯಿತು. ಅಮ್ಮ ಒಂದು ದಿನ ಕೂತು ಯೋಚಿಸಿ, ಇನ್ನು ಈ ಹುಡುಗಿಗೆ ಉತ್ತರ ಹೇಳುವುದಿಲ್ಲ ಎಂದು ತೀರ್ಮಾನಿಸಿದ್ದಳು. ತೀರ್ಮಾನಿಸುವಷ್ಟು ಬುದ್ಧಿ ನೆಟ್ಟಗಿದ್ದ ದಿನವೇ.

ಮಗಳು ಎರಡೂವರೆಗೆ ಬಂದಳು. ಒಂದೇ ಬೆಲ್ಲಿಗೆ ಬಾಗಿಲು ತೆಗೆದದ್ದನ್ನು ಕಂಡು ಹುಬ್ಬು ಏರಿಸಿದಳು. ಚೀಲ ಎಸೆದು, ಅಡುಗೆಮನೆಗೆ ಹೋಗಿ, ಒಲೆಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಬಂದಳು. ಹೀಗೆ ಮುಟ್ಟಿ ನೋಡುವುದು ಯಾವತ್ತಿನಿಂದ? ಅವಳು ಇಷ್ಟು ದಿನ ನೋಡಿರಲೇ ಇಲ್ಲ. ಮಗಳು ಲೋಟ ಹಿಡಿದು ಬಾಗಿಲ ಹತ್ತಿರ ನಿಂತಳು, ಅವಳು ಒಂದು ಕಾಲದಲ್ಲಿ ನಿಲ್ಲುತ್ತಿದ್ದ ಹಾಗೆಯೇ, ಒಂದು ಭುಜವನ್ನು ಚೌಕಟ್ಟಿಗೆ ಆನಿಸಿ.

“ಅಮ್ಮಾ, ಇವತ್ತು ತಾರೀಖು ಎಷ್ಟು?”

ದನಿ ಹಗುರವಾಗಿತ್ತು. ಬೇಕೆಂದೇ ಹಗುರ ಮಾಡಿದ ದನಿ. ಅವಳು ತಿರುಗದೆ ತಾರೀಖು ಹೇಳಿದಳು. ವಾರವನ್ನೂ ಸೇರಿಸಿ ಹೇಳಿದಳು, ಕೇಳಿರದಿದ್ದರೂ, ಪರೀಕ್ಷೆಯಲ್ಲಿ ಹೆಚ್ಚಿನ ಹಾಳೆ ಪಡೆದು ಬರೆಯುವವಳ ಹಾಗೆ.

“ಗೊತ್ತಿತ್ತು,” ಎಂದಳು ಮಗಳು. “ಸುಮ್ನೆ ಕೇಳ್ದೆ.”

ಮಗಳು ಹೋದ ಮೇಲೂ ಆ ಮಾತು ಚೌಕಟ್ಟಿಗೆ ಒರಗಿ ನಿಂತೇ ಇತ್ತು. ಅವಳು ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. ಸುಮ್ಮನೆ ನಗಬಹುದು, ಕಿಟಕಿಯ ಕಡೆ ತಿರುಗಬಹುದು. ಆ ದಾರಿ ಗೊತ್ತಿರುವ ದಾರಿ, ಅದರ ಕೊನೆಯಲ್ಲಿ ಯಾವ ಡಬ್ಬಿ ಇರುತ್ತದೆ ಎಂಬುದೂ ಗೊತ್ತು. ಯಂತ್ರವನ್ನು ಮುಚ್ಚಿ ಮತ್ತೆ ಗುಂಡಿ ಒತ್ತಿದಳು. ಎರಡು ಸಾಲು ಬಂದವು. ಹತ್ತು, ಒಂಬತ್ತು, ಎಂಟು. ಬಾಣದ ಕೀಲಿಯ ಮೇಲಿನ ಬೆರಳನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಎಣಿಕೆ ತೀರುವವರೆಗೂ ನೋಡುತ್ತ ಕೂತಳು. ಬಾಗಿಲ ಚೌಕ ಬಂದಾಗ ಕಣ್ಣು ಮುಚ್ಚಿ ಕೈಗಳನ್ನು ಕೀಲಿಗಳ ಮೇಲಿಟ್ಟಳು. ಬೆರಳುಗಳು ತೆರೆದುಕೊಟ್ಟವು. ಕಡತವನ್ನು ಮೇಜಿನ ಖಾನೆಯಲ್ಲಿದ್ದ ತನ್ನ ಪೆನ್ ಡ್ರೈವಿಗೆ ಹಾಕಿಕೊಂಡು, ಆ ಕಡೆಯನ್ನು ಸರಿಯಾಗಿ, ಪೂರ್ತಿಯಾಗಿ ಮುಚ್ಚಿ, ಈ ಕಡೆಗೆ ಬಂದಳು.

ಸಂಜೆ ಹೋಗಬೇಕಾದ ಒಂಬತ್ತು ರಿಪೋರ್ಟುಗಳ ಕೆಳಗೆ ಹತ್ತನೆಯದನ್ನು ಇಟ್ಟಳು. ಒಂದಕ್ಷರವನ್ನೂ ತಿದ್ದಲಿಲ್ಲ. ಸಲಹೆ ಎಂಬುದರ ಮುಂದಿನ ಖಾಲಿಯನ್ನೂ ತುಂಬಲಿಲ್ಲ, ಅದು ಡಾಕ್ಟರು ಹೇಳಬೇಕಾದದ್ದು. ರೋಗಿಯ ಹೆಸರು ಎಂದಿದ್ದ ಕಡೆ ಮಾತ್ರ ಏನೂ ಇರಲಿಲ್ಲ. ಬರೆದವಳಿಗೆ ಗೊತ್ತಿರಲಿಲ್ಲವೋ, ಇವಳಿಗೆಂದು ಬಿಟ್ಟಿದ್ದಳೋ. ಅಲ್ಲಿ ತನ್ನ ಹೆಸರನ್ನು ಟೈಪು ಮಾಡಿದಳು. ತನ್ನದೇ ಹೆಸರನ್ನು ಒತ್ತುವುದು ಬೆರಳುಗಳಿಗೆ ಅಭ್ಯಾಸವಿರಲಿಲ್ಲ, ಒಂದು ಸಲ ತಪ್ಪಿತು.

ಕೆಳಗಿನ ಮೂಲೆಯಲ್ಲಿ ಗಡಿಯಾರ ಬೆಳಗನ್ನು ತೋರಿಸುತ್ತಿತ್ತು. ಸರಿಮಾಡಲೆಂದು ಕೈ ಅಲ್ಲಿಯವರೆಗೆ ಹೋಗಿ ನಿಂತಿತು. ನಾಳೆ ಕೌಂಟರಿನವಳು ಫೋನು ಮಾಡುತ್ತಾಳೆ, ಮೇಡಂ, ಮತ್ತೆ ರೋಗಿ ಬರೋ ಮುಂಚೆನೇ ರಿಪೋರ್ಟು ಬಂತಲ್ಲಾ ಎಂದು ನಗಲು ಶುರುಮಾಡುತ್ತಾಳೆ. ಹೆಸರು ಓದಿದ ಮೇಲೆ ನಗು ಎಲ್ಲಿ ನಿಲ್ಲುತ್ತದೋ ಅಲ್ಲಿ, ಹೌದು, ಎಷ್ಟು ಗಂಟೆಗೆ ಬರಲಿ ಎಂದು ಕೇಳಿದರಾಯಿತು. ಗಂಟೆಯನ್ನು ಹಾಗೆಯೇ ಬಿಟ್ಟಳು. ಗೇಟಿನ ಸದ್ದಾಯಿತು. ಪ್ಯಾಂಟಿನ ತುದಿಯೆಲ್ಲ ಕೆಸರು ಮಾಡಿಕೊಂಡು ಗಂಡ ಬಂದಿದ್ದ.

“ಎಲ್ಲ ಸರಿಹೋಯ್ತೇನೇ?”

“ಹೂಂ,” ಎಂದು ಅವಳು ಕಳಿಸುವ ಗುಂಡಿ ಒತ್ತಿ, ಹಾಲು ಕಾಯಿಸಲು ಎದ್ದಳು.